ನಡುಗಡಲಿನ ಚಂಡಮಾರುತ: ಹುಟ್ಟಿನಿಂದ ಸಾವಿನವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಂಡಮಾರುತ ದಡಕ್ಕೆ ಬಡಿಯುವ ಕೆಲವು ಗಂಟೆಗಳನ್ನಷ್ಟೇ ನಾವು ಸುದ್ದಿಯಲ್ಲಿ ನೋಡುತ್ತೇವೆ. ಅದರ ಆಯಸ್ಸಿನ ಬಹುಪಾಲು ಕಳೆಯುವುದು ಯಾರ ಕಣ್ಣಿಗೂ ಬೀಳದ ನಡುಗಡಲಿನಲ್ಲಿ. ಆ ಭಾಗದ ಬಗ್ಗೆ ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇಲ್ಲಿವೆ. ಉದಾಹರಣೆಗೆ ಜಾಸ್ತಿ ಬಳಸಿಕೊಂಡಿರುವುದು 2019ರ ಅಕ್ಟೋಬರಿನ ‘ಕ್ಯಾರ್’. ನಮ್ಮ ಪಶ್ಚಿಮ ಕರಾವಳಿಯ ಎದುರಿಗೇ ಬೆಳೆದು, ಎಲ್ಲೂ ದಡ ಹತ್ತದೆ, ಅರಬ್ಬಿ ಸಮುದ್ರದಲ್ಲೇ ಮುಗಿದುಹೋದ ಚಂಡಮಾರುತ ಅದು.

## ಮೊದಲಿಗೆ

ಚಂಡಮಾರುತ, ಹರಿಕೇನ್, ಟೈಫೂನ್ ಮೂರೂ ಬೇರೆ ಬೇರೆನಾ?

ಇಲ್ಲ, ಮೂರೂ ಒಂದೇ. ನಮ್ಮ ಕಡೆ ಚಂಡಮಾರುತ, ಅಟ್ಲಾಂಟಿಕ್‌ನಲ್ಲಿ ಹರಿಕೇನ್, ಜಪಾನ್–ಫಿಲಿಪೀನ್ಸ್ ಕಡೆ ಟೈಫೂನ್. ಆದರೆ ಬಯಲಿನಲ್ಲಿ ಏಳುವ ಸುಂಟರಗಾಳಿಯನ್ನು ಇದರ ಜೊತೆ ಸೇರಿಸಬೇಡಿ. ಅದರ ಅಗಲ ಸಾಮಾನ್ಯವಾಗಿ ಒಂದೆರಡು ಕಿ.ಮೀ. ಒಳಗೆ, ಆಯಸ್ಸು ನಿಮಿಷಗಳಲ್ಲಿ. ಚಂಡಮಾರುತದ ಅಗಲ ನೂರಾರು ಕಿ.ಮೀ., ಆಯಸ್ಸು ದಿನಗಳಲ್ಲಿ.

ಸಮುದ್ರದ ನಡುವೆ ಏನೂ ಇಲ್ಲದ ಕಡೆ ಇದು ಹುಟ್ಟೋದಾದ್ರೂ ಹೇಗೆ?

ಏನೂ ಇಲ್ಲದ ಕಡೆ ಹುಟ್ಟುವುದಿಲ್ಲ. ಮೊದಲು ಒಂದು ಗುಡುಗು ಮೋಡಗಳ ಗುಂಪು ಬೇಕು. ಅದರ ಕೆಳಗೆ ಬೆಚ್ಚಗಿನ ನೀರು ಬೇಕು: ಸುಮಾರು 26.5 ಡಿಗ್ರಿಗಿಂತ ಮೇಲೆ, ಅದೂ ಮೇಲ್ಪದರದಲ್ಲಿ ಮಾತ್ರವಲ್ಲ, 50 ಮೀಟರ್ ಆಳದವರೆಗೆ. ಸುತ್ತಲಿನ ಗಾಳಿಯಲ್ಲಿ ಮಧ್ಯದ ಎತ್ತರದವರೆಗೂ ತೇವ ಇರಬೇಕು. ಕೆಳಗಿನ ಗಾಳಿ ಮತ್ತು ಮೇಲಿನ ಗಾಳಿ ಹೆಚ್ಚುಕಮ್ಮಿ ಒಂದೇ ವೇಗ, ಒಂದೇ ದಿಕ್ಕಿನಲ್ಲಿ ಇರಬೇಕು. ಕೊನೆಯದಾಗಿ, ಜಾಗ ಸಮಭಾಜಕ ವೃತ್ತದಿಂದ ಸ್ವಲ್ಪ ದೂರ, ಸಾಮಾನ್ಯವಾಗಿ 5 ಡಿಗ್ರಿಯಾದರೂ ಆಚೆ ಇರಬೇಕು. ಭೂಮಿ ತಿರುಗುವುದರಿಂದ ಗಾಳಿಗೆ ಸಿಗುವ ಸುತ್ತು ಸಮಭಾಜಕದ ಹತ್ತಿರ ಇಲ್ಲವೆನ್ನುವಷ್ಟು ಕಡಿಮೆ.

ಇಷ್ಟೆಲ್ಲ ಕೂಡಿಬಂದಾಗ ಮೋಡಗಳ ಗುಂಪಿನ ಕೆಳಗೆ ಒತ್ತಡ ಇಳಿಯುತ್ತದೆ. ಸುತ್ತಲಿನ ಗಾಳಿ ಒಳಕ್ಕೆ ನುಗ್ಗುತ್ತದೆ. ನೇರವಾಗಿ ನುಗ್ಗಲಾಗದೆ ಸುತ್ತತೊಡಗುತ್ತದೆ. ನಮ್ಮ ಉತ್ತರಾರ್ಧ ಗೋಳದಲ್ಲಿ ಈ ಸುತ್ತು ಗಡಿಯಾರದ ಮುಳ್ಳಿಗೆ ವಿರುದ್ಧ, ದಕ್ಷಿಣದಲ್ಲಿ ಮುಳ್ಳಿನ ದಿಕ್ಕಿಗೆ.

ಸಮುದ್ರದ ಮೇಲೇ ಹುಟ್ಟುತ್ತದೆ ಎನ್ನುವುದಕ್ಕೆ ಒಂದು ವಿಚಿತ್ರ ಅಪವಾದವೂ ಇದೆ. 2024ರ ಆಗಸ್ಟ್ ಕೊನೆಗೆ ಗುಜರಾತಿನ ನೆಲದ ಮೇಲೆ ಭಾರೀ ಮಳೆ ಸುರಿಸುತ್ತಿದ್ದ ವಾಯುಭಾರ ಕುಸಿತವೊಂದು ಕಛ್ ಕಡೆಯಿಂದ ಸಮುದ್ರಕ್ಕಿಳಿದು ‘ಅಸ್ನಾ’ ಚಂಡಮಾರುತವಾಯಿತು. ನೆಲಕ್ಕೆ ಬಂದು ಸಾಯಬೇಕಾದದ್ದು ನೆಲದಿಂದ ಹೊರಟು ಹುಟ್ಟಿತು!

ಟಿವಿಯಲ್ಲಿ ಆಗಾಗ ‘ವಾಯುಭಾರ ಕುಸಿತ’ ಅಂತ ಬರ್ತಾನೇ ಇರುತ್ತೆ. ಎಲ್ಲವೂ ಚಂಡಮಾರುತ ಆಗುತ್ತಾ?

ಬಹುಪಾಲು ಆಗುವುದಿಲ್ಲ. ಕೆಂಪು ಅಕ್ಷರದಲ್ಲಿ ಓಡುವ ಸುದ್ದಿ ನೋಡಿ ಗಾಬರಿಯಾಗುವ ಬದಲು ಗಾಳಿಯ ವೇಗ ಎಷ್ಟು ಎಂದು ಕೇಳುವುದು ಒಳ್ಳೆಯದು. ಭಾರತೀಯ ಹವಾಮಾನ ಇಲಾಖೆಯ ಮೆಟ್ಟಿಲುಗಳು ಹೀಗಿವೆ. ಗಂಟೆಗೆ 31 ಕಿ.ಮೀ.ಗಿಂತ ಕಡಿಮೆ ಇದ್ದರೆ ಬರೀ ಕಡಿಮೆ ಒತ್ತಡದ ಪ್ರದೇಶ. 31ರಿಂದ 49ರವರೆಗೆ ವಾಯುಭಾರ ಕುಸಿತ. 50ರಿಂದ 61 ತೀವ್ರ ಕುಸಿತ. 62 ಮುಟ್ಟಿದ ಮೇಲೆ ಚಂಡಮಾರುತ. 89ರಿಂದ ತೀವ್ರ, 118ರಿಂದ ಅತಿ ತೀವ್ರ, 167ರಿಂದ ಅತ್ಯಂತ ತೀವ್ರ. 222 ಮುಟ್ಟಿದರೆ ಸೂಪರ್ ಸೈಕ್ಲೋನ್. ಇದೆಲ್ಲ ಮೂರು ನಿಮಿಷದ ಸರಾಸರಿ ವೇಗ. ನಡುನಡುವೆ ಬೀಸುವ ಬಿರುಗಾಳಿ ಇದಕ್ಕಿಂತ ಜೋರಾಗಿರುತ್ತದೆ.

ಹೆಸರು ಯಾವಾಗ ಇಡ್ತಾರೆ?

62 ಕಿ.ಮೀ. ಮುಟ್ಟಿದಾಗ. ಉತ್ತರ ಹಿಂದೂ ಮಹಾಸಾಗರಕ್ಕೆ ದೆಹಲಿಯ ಹವಾಮಾನ ಇಲಾಖೆಯೇ ಹೆಸರಿಡುವ ಕೇಂದ್ರ. 13 ದೇಶಗಳು ತಲಾ 13 ಹೆಸರು ಕೊಟ್ಟಿರುವ 169 ಹೆಸರುಗಳ ಪಟ್ಟಿ 2020ರಲ್ಲಿ ಬಂತು. ಸಾಲಾಗಿ ಒಂದೊಂದೇ ತೆಗೆದುಕೊಳ್ಳುತ್ತಾರೆ, ಆ ಹೊತ್ತಿಗೆ ಯಾರೂ ಕೂತು ಯೋಚಿಸುವುದಿಲ್ಲ.

ಒಂದು ಚಂಡಮಾರುತ ಎಷ್ಟು ದಿನ ಬದುಕುತ್ತೆ?

ನಮ್ಮ ಎರಡೂ ಸಮುದ್ರಗಳಲ್ಲಿ ಸಾಮಾನ್ಯವಾಗಿ ಒಂದು ವಾರದೊಳಗೆ ಕಥೆ ಮುಗಿಯುತ್ತದೆ. ಸುತ್ತ ನೆಲ ಇದೆ, ಓಡಲು ಜಾಗ ಕಡಿಮೆ. 2023ರ ಜೂನಿನ ‘ಬಿಪರ್‌ಜಾಯ್’ ಕುಸಿತದ ಹಂತದಿಂದ ಲೆಕ್ಕ ಹಾಕಿದರೆ 13 ದಿನ ಇತ್ತು. ನಮ್ಮಲ್ಲಿ ಅದು ಬಹಳ ದೀರ್ಘಾಯಸ್ಸು.

ತೆರೆದ ಸಾಗರದ ಲೆಕ್ಕ ಬೇರೆ. ಅದೇ 2023ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ವಾಯವ್ಯಕ್ಕೆ ಹುಟ್ಟಿದ ‘ಫ್ರೆಡ್ಡಿ’ ದಕ್ಷಿಣ ಹಿಂದೂ ಮಹಾಸಾಗರವನ್ನು ಪೂರ್ತಿ ದಾಟಿ ಮಡಗಾಸ್ಕರ್, ಮೊಜಾಂಬಿಕ್‌ಗೆ ಹೋಯಿತು. ಸಮುದ್ರಕ್ಕೆ ವಾಪಸಾಗಿ ಬಲ ತುಂಬಿಕೊಂಡು ಮತ್ತೆ ಬಂತು. ಒಟ್ಟು 36 ದಿನ. ವಿಶ್ವ ಹವಾಮಾನ ಸಂಸ್ಥೆ ಇದನ್ನೇ ಅತಿ ಹೆಚ್ಚು ಕಾಲ ಬದುಕಿದ ಚಂಡಮಾರುತ ಎಂದು ದಾಖಲಿಸಿದೆ.

## ಬೆಳೆಯುವ ಹಂತ

ಅಷ್ಟೊಂದು ಶಕ್ತಿ ಎಲ್ಲಿಂದ ಬರುತ್ತೆ?

ಆವಿಯಿಂದ. ಸ್ನಾನ ಮಾಡಿ ಒರೆಸಿಕೊಳ್ಳದೆ ಫ್ಯಾನ್ ಕೆಳಗೆ ನಿಂತರೆ ಚಳಿಯಾಗುತ್ತದಲ್ವಾ? ಮೈಮೇಲಿನ ನೀರು ಆವಿಯಾಗುವಾಗ ನಿಮ್ಮ ಮೈಯ ಶಾಖವನ್ನು ಹೊತ್ತೊಯ್ಯುತ್ತದೆ. ಗಾಳಿ ಬೀಸಿದಾಗ ಸಮುದ್ರಕ್ಕೂ ಅದೇ ಆಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಶಾಖ ಬೇಕು. ಅದೇ ನೀರನ್ನು 30 ಡಿಗ್ರಿಯಿಂದ ಕುದಿಯುವ ಬಿಂದುವಿನವರೆಗೆ ಕಾಯಿಸಲು ಸಾಕಾಗುವುದು 3 ಲಕ್ಷಕ್ಕೂ ಕಡಿಮೆ.

ಆವಿ ಮೇಲೇರಿ ತಣ್ಣಗಾಗಿ ಮೋಡದ ಹನಿಯಾದಾಗ ಆ ಶಾಖವೆಲ್ಲ ಮೋಡದೊಳಗೆ ಬಿಡುಗಡೆಯಾಗುತ್ತದೆ. ಬಿಸಿಯಾದ ಗಾಳಿ ಇನ್ನೂ ಮೇಲೇರುತ್ತದೆ, ಕೆಳಗೆ ಒತ್ತಡ ಇನ್ನೂ ಇಳಿಯುತ್ತದೆ, ಗಾಳಿ ಇನ್ನೂ ಜೋರಾಗಿ ನುಗ್ಗುತ್ತದೆ. ಗಾಳಿ ಜೋರಾದಷ್ಟೂ ಆವಿ ಜಾಸ್ತಿ. ಹೀಗೆ ತನ್ನ ಉರುವಲನ್ನು ತಾನೇ ಎಳೆದುಕೊಳ್ಳುವ ಯಂತ್ರ ಇದು. ಹಾಗಾಗಿ ನೀರು ತಣ್ಣಗಾದರೆ, ಇಲ್ಲವೇ ಮೇಲಿನ ದಾರಿ ಕಟ್ಟಿದರೆ, ಬೇಗ ನಿಂತೂ ಹೋಗುತ್ತದೆ.

ಕಣ್ಣು ಅಂತಾರಲ್ಲ, ಅಲ್ಲಿ ನಿಜವಾಗ್ಲೂ ಗಾಳಿ ಇರಲ್ವಾ?

ಗಾಳಿ ಬಹಳ ಕಡಿಮೆ. ಆಕಾಶವೂ ಒಮ್ಮೊಮ್ಮೆ ತಿಳಿಯಾಗಿರುತ್ತದೆ. ಒಳಕ್ಕೆ ನುಗ್ಗುವ ಗಾಳಿ ಸುತ್ತು ಜೋರಾದಂತೆ ನಡುಬಿಂದುವಿನವರೆಗೆ ಹೋಗಲಾರದೆ ಒಂದು ಉಂಗುರದಲ್ಲೇ ಮೇಲೇರುತ್ತದೆ. ಆ ಉಂಗುರವೇ ಕಣ್ಣಿನ ಗೋಡೆ. ಅತಿ ಜೋರಿನ ಗಾಳಿ, ಮಳೆ ಎರಡೂ ಅಲ್ಲೇ. ನಡುವೆ ಗಾಳಿ ಮೇಲಿಂದ ಕೆಳಕ್ಕೆ ಇಳಿಯುತ್ತದೆ, ಇಳಿಯುತ್ತಾ ಬಿಸಿಯಾಗುತ್ತದೆ, ಮೋಡ ಕರಗುತ್ತದೆ. ಕಣ್ಣಿನ ಅಗಲ ಸಾಮಾನ್ಯವಾಗಿ 30ರಿಂದ 65 ಕಿ.ಮೀ.

ಹಾಗಂತ ಹಡಗಿಗೆ ಅದು ಸುಖದ ಜಾಗವಲ್ಲ. ಗಾಳಿ ನಿಂತಿದ್ದರೂ ಸುತ್ತಲಿನ ಗೋಡೆಯಿಂದ ಎಲ್ಲ ದಿಕ್ಕಿನ ಅಲೆಗಳೂ ಒಳಗೆ ಬಂದು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಯಾವ ಕಡೆಯಿಂದ ಅಲೆ ಏಳುತ್ತದೆ ಎಂದು ಹೇಳಲಾಗದು. ಜೊತೆಗೆ, ಗೋಡೆಯ ಇನ್ನೊಂದು ಬದಿ ಇನ್ನೂ ಬಾಕಿ ಇರುತ್ತದೆ, ಅದೂ ವಿರುದ್ಧ ದಿಕ್ಕಿನ ಗಾಳಿಯೊಂದಿಗೆ.

ಕ್ಯಾರ್ ಮೂರೇ ದಿನದಲ್ಲಿ ಸೂಪರ್ ಸೈಕ್ಲೋನ್ ಆಯ್ತಂತೆ, ಹೇಗೆ?

2019ರ ಅಕ್ಟೋಬರ್ 24ರಂದು ಅದು ಬರೀ ವಾಯುಭಾರ ಕುಸಿತ. 25ರಂದು ಚಂಡಮಾರುತ, ಆಗ ರತ್ನಗಿರಿಯ ಪಶ್ಚಿಮಕ್ಕೆ 200 ಕಿ.ಮೀ. ಆಸುಪಾಸಿನಲ್ಲಿತ್ತು. ಕರಾವಳಿಯಲ್ಲಿ ಮಳೆ ಹೊಡೆಯುತ್ತಿತ್ತು, ಬೋಟುಗಳು ಕಾರವಾರದ ಬಂದರಿನಲ್ಲಿ ಆಶ್ರಯ ಪಡೆದಿದ್ದವು. 27ನೇ ತಾರೀಕು ನಾವೆಲ್ಲ ನರಕ ಚತುರ್ದಶಿಯ ಎಣ್ಣೆಸ್ನಾನದಲ್ಲಿದ್ದ ದಿನ ಅದು ಸೂಪರ್ ಸೈಕ್ಲೋನ್ ಆಗಿತ್ತು. ಗಾಳಿ ಗಂಟೆಗೆ 240 ಕಿ.ಮೀ. ಮುಟ್ಟಿತು. ನಡುವಿನ ಒತ್ತಡ 922 ಮಿಲಿಬಾರ್‌ಗೆ ಇಳಿದಿತ್ತು. ಸಾಮಾನ್ಯ ದಿನ ಇದು 1010ರ ಹತ್ತಿರ ಇರುತ್ತದೆ. 2007ರ ‘ಗೋನು’ ಬಿಟ್ಟರೆ ಅರಬ್ಬಿ ಸಮುದ್ರದಲ್ಲಿ ಆವರೆಗೆ ದಾಖಲಾದ ಸೂಪರ್ ಸೈಕ್ಲೋನ್ ಇದೊಂದೇ.

ಕಾರಣ ಗುಟ್ಟೇನಲ್ಲ. ಮಳೆಗಾಲ ಮುಗಿದು ಸಮುದ್ರ ಮತ್ತೆ ಕಾದಿತ್ತು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಪೂರ್ವಕ್ಕಿಂತ ಎಂದಿಗಿಂತ ಜಾಸ್ತಿ ಬೆಚ್ಚಗಿತ್ತು. ಎದುರು ಗಾಳಿಯ ಕಾಟ ಕಡಿಮೆ ಇತ್ತು. 24 ಗಂಟೆಯಲ್ಲಿ ವೇಗ 55 ಕಿ.ಮೀ.ಯಷ್ಟು ಏರಿದರೆ ಅದನ್ನು ದಿಢೀರ್ ತೀವ್ರತೆ ಎನ್ನುತ್ತಾರೆ. ಮುನ್ಸೂಚನೆ ಕೊಡುವವರಿಗೆ ಇಂದಿಗೂ ನಿದ್ದೆಗೆಡಿಸುವ ಹಂತ ಇದೇ. ಚಂಡಮಾರುತದ ದಾರಿಯನ್ನು ಈಗ ಚೆನ್ನಾಗಿ ಊಹಿಸುತ್ತಾರೆ, ಬಲ ಯಾವ ಗಳಿಗೆಯಲ್ಲಿ ಜಿಗಿಯುತ್ತದೆ ಎನ್ನುವುದು ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಜೂನ್–ಜುಲೈನಲ್ಲಿ ಸಮುದ್ರ ಅಷ್ಟು ರೊಚ್ಚಿಗೇಳುತ್ತೆ. ಆಗ ಚಂಡಮಾರುತ ಯಾಕೆ ಬರಲ್ಲ?

ಮುಂಗಾರು ಜೋರಾದ ಮೇಲೆ ಕೆಳಗೆ ಪಶ್ಚಿಮದಿಂದ ಬಲವಾದ ಗಾಳಿ, ಸುಮಾರು 14–15 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಅಷ್ಟೇ ಬಲವಾದ ಗಾಳಿ. ಮೋಡದ ಕಂಬವನ್ನು ಕೆಳಗೆ ಒಬ್ಬರು ಒಂದು ಕಡೆಗೆ, ಮೇಲೆ ಇನ್ನೊಬ್ಬರು ಇನ್ನೊಂದು ಕಡೆಗೆ ಎಳೆದರೆ ಅದು ನೆಟ್ಟಗೆ ನಿಲ್ಲುವುದಾದರೂ ಹೇಗೆ? ಅದಕ್ಕೇ ನಮ್ಮ ಚಂಡಮಾರುತಗಳು ಮುಂಗಾರಿಗೆ ಮುಂಚೆ ಏಪ್ರಿಲ್‌ನಿಂದ ಜೂನ್ ಮೊದಲ ಭಾಗದವರೆಗೆ, ಇಲ್ಲವೇ ಮುಂಗಾರು ಸರಿದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅರಬ್ಬಿ ಸಮುದ್ರದಲ್ಲಿ ಆಗಸ್ಟ್ ತಿಂಗಳ ಚಂಡಮಾರುತ ಎಷ್ಟು ಅಪರೂಪ ಎಂದರೆ, ‘ಅಸ್ನಾ’ಗೆ ಮೊದಲು ಬಂದಿದ್ದು 1976ರಲ್ಲಿ.

ದಾರಿ ಯಾರು ತೀರ್ಮಾನಿಸ್ತಾರೆ? ಕೆಲವೊಮ್ಮೆ ನಿಂತಲ್ಲೇ ನಿಂತಿರುತ್ತಲ್ಲ?

ಸುತ್ತಲಿನ ದೊಡ್ಡ ಗಾಳಿಗಳು. ಚಂಡಮಾರುತ ತಾನಾಗಿ ಹೋಗುವುದು ಕಡಿಮೆ, ತೇಲಿಸಿಕೊಂಡು ಹೋಗುವುದೇ ಜಾಸ್ತಿ. ಭೂಮಿಯ ಸುತ್ತಿನಿಂದಾಗಿ ವಾಯವ್ಯದ ಕಡೆ ಸಣ್ಣದೊಂದು ಸ್ವಂತ ಸೆಳೆತ ಇರುತ್ತದೆ, ಅಷ್ಟೇ. ಎರಡು ಬದಿಯ ಹೆಚ್ಚು ಒತ್ತಡದ ಪ್ರದೇಶಗಳು ಸಮಬಲದಲ್ಲಿ ತಳ್ಳಿದರೆ ಅದು ತಡವರಿಸುತ್ತದೆ. ಬಿಪರ್‌ಜಾಯ್ ಹೀಗೆ ದಿನಗಟ್ಟಲೆ ನಿಧಾನಕ್ಕೆ ಅಡ್ಡಾಡಿ, ಕೊನೆಗೆ ಈಶಾನ್ಯಕ್ಕೆ ತಿರುಗಿ, ಜೂನ್ 15ರಂದು ಕಛ್‌ನ ಜಖೌ ಬಂದರಿನ ಹತ್ತಿರ ದಡ ಹತ್ತಿತು.

## ಮುಗಿಯುವ ಹಂತ

ದಡಕ್ಕೇ ಬಾರದೆ ಸಮುದ್ರದಲ್ಲೇ ಸಾಯೋದು ಹೇಗೆ? ಕೆಳಗೆ ನೀರು ಇದ್ದೇ ಇರುತ್ತಲ್ಲ?

ನೀರಿದ್ದರೆ ಸಾಲದು. ಸಮುದ್ರದಲ್ಲಿ ಚಂಡಮಾರುತ ಸಾಯಲು ಮುಖ್ಯವಾಗಿ ಮೂರು ದಾರಿ. ನೀರು ತಣ್ಣಗಿರುವ ಕಡೆ ಹೋಗುವುದು ಒಂದು. ಮೇಲಿನ ಗಾಳಿ ಮೋಡದ ತಲೆಯನ್ನು ಬುಡದಿಂದ ಬೇರೆ ಮಾಡುವುದು ಇನ್ನೊಂದು. ಒಣಗಾಳಿ ಒಳಗೆ ನುಗ್ಗಿ ಮೋಡವನ್ನು ಹೀರಿಬಿಡುವುದು ಮೂರನೆಯದು.

ಅರಬ್ಬಿ ಸಮುದ್ರದ ಪಶ್ಚಿಮ ಭಾಗದಲ್ಲಿ ಈ ಮೂರನೆಯದು ದೊಡ್ಡ ಪಾತ್ರ ವಹಿಸುತ್ತದೆ. ಎದುರಿಗೇ ಅರೇಬಿಯಾದ ಮರಳುಗಾಡು. ಕ್ಯಾರ್ ಓಮಾನ್ ಕಡೆ ಹೊರಟಿತ್ತು. ಹತ್ತಿರವಾಗುತ್ತಿದ್ದಂತೆ ಒಣಗಾಳಿ ಒಂದು ಕಡೆ, ಮೇಲಿನ ಎದುರು ಗಾಳಿ ಇನ್ನೊಂದು ಕಡೆ ಸೇರಿಕೊಂಡು ಅದನ್ನು ಸಡಿಲಗೊಳಿಸಿದವು. ನೈಋತ್ಯಕ್ಕೆ ತಿರುಗಿತು, ದಿನೇ ದಿನೇ ಇಳಿಯಿತು, ನವೆಂಬರ್ ಮೊದಲ ದಿನಗಳಲ್ಲಿ ಸೊಮಾಲಿಯಾದ ಎದುರು ಸಮುದ್ರದಲ್ಲಿ ಚೆದುರಿತು. ಉಪಗ್ರಹ ಚಿತ್ರದಲ್ಲಿ ಇಂಥ ಸಾವನ್ನು ನೋಡಬೇಕು. ದೊಡ್ಡ ಬಿಳಿ ಮೋಡ ಪಕ್ಕಕ್ಕೆ ಸರಿದಿರುತ್ತದೆ. ಕೆಳಗೆ ಮಳೆಯಿಲ್ಲದ ತೆಳು ಮೋಡದ ಸುರುಳಿಯೊಂದು ಬೆತ್ತಲಾಗಿ ಇನ್ನೂ ಒಂದೆರಡು ದಿನ ಸುತ್ತುತ್ತಿರುತ್ತದೆ.

ಹಾಗಾದ್ರೆ ಒಂದೇ ಜಾಗದಲ್ಲಿ ನಿಂತ್ರೆ ಅಲ್ಲಿನ ಬಿಸಿನೀರು ಕುಡಿದು ಇನ್ನೂ ದೊಡ್ಡದಾಗುತ್ತಾ?

ತಿರುವುಮುರುವು. ನಿಂತರೆ ಸೊರಗುತ್ತದೆ. ಅದರ ಗಾಳಿ ಸಮುದ್ರವನ್ನು ಕಲಕಿ ಕೆಳಗಿನ ತಣ್ಣೀರನ್ನು ಮೇಲೆ ತರುತ್ತದೆ. ಚಂಡಮಾರುತ ಹಾದುಹೋದ ದಾರಿಯಲ್ಲಿ ನೀರು ಒಂದರಿಂದ ನಾಲ್ಕೈದು ಡಿಗ್ರಿವರೆಗೆ ತಣಿದಿರುವುದು ಉಪಗ್ರಹದ ಅಳತೆಯಲ್ಲಿ ಪಟ್ಟಿಯಂತೆ ಕಾಣುತ್ತದೆ. ಚುರುಕಾಗಿ ಚಲಿಸುವ ಚಂಡಮಾರುತ ಈ ತಣ್ಣೀರನ್ನು ಹಿಂದೆ ಬಿಟ್ಟು ಹೋಗುತ್ತದೆ. ನಿಂತದ್ದು ತನ್ನ ಕಾಲ ಕೆಳಗಿನ ಒಲೆಯನ್ನು ತಾನೇ ಆರಿಸಿಕೊಳ್ಳುತ್ತದೆ.

ಚಂಡಮಾರುತ ಹೋದ ಮೇಲೆ ಮೀನು ಜಾಸ್ತಿ ಸಿಗುತ್ತೆ ಅಂತಾರೆ. ನಿಜನಾ?

ಅರ್ಧ ಖಚಿತ. ಮೇಲೆ ಬಂದ ತಣ್ಣೀರಿನಲ್ಲಿ ಪೋಷಕಾಂಶ ಇರುತ್ತದೆ. ಬಿಸಿಲು ಬಿದ್ದ ಕೂಡಲೇ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಕೆಲವು ದಿನಗಳಲ್ಲೇ ನೀರಿನ ಬಣ್ಣ ಬದಲಾಗಿರುವುದನ್ನು ಉಪಗ್ರಹಗಳು ಹಿಡಿದಿವೆ. ಮೀನಿನ ಊಟದ ಮೊದಲ ಮೆಟ್ಟಿಲು ಇದೇ. ಆದರೆ ಅದು ನಿಮ್ಮ ಬಲೆಗೆ ಬೀಳುವ ಬಂಗುಡೆಯಾಗಿಯೋ ಬೂತಾಯಿಯಾಗಿಯೋ ಬದಲಾಗುತ್ತದೆ ಎನ್ನಲು ಇನ್ನೂ ಹತ್ತಾರು ಸಂಗತಿ ಕೂಡಿಬರಬೇಕು.

## ಕಡಲಿಗಿಳಿಯುವವರು ಕೇಳುವುದು

500 ಕಿ.ಮೀ. ದೂರ ಇದೆ ಅಂತಾರೆ. ನಮಗೇನು ತೊಂದರೆ?

ಗಾಳಿ ಬರದಿದ್ದರೂ ಅಲೆ ಬರುತ್ತದೆ. ಚಂಡಮಾರುತ ಎಬ್ಬಿಸಿದ ಉದ್ದನೆಯ ಅಲೆಗಳು ಸಾವಿರಾರು ಕಿ.ಮೀ. ಸಾಗಬಲ್ಲವು, ಎಷ್ಟೋ ಸಲ ಚಂಡಮಾರುತಕ್ಕಿಂತ ಮುಂಚೆಯೇ ದಡ ತಲುಪುತ್ತವೆ. ಕ್ಯಾರ್ ಎಲ್ಲೂ ದಡ ಹತ್ತಲಿಲ್ಲ ಎಂದೆನಲ್ಲ. ಆದರೂ ಓಮಾನ್ ಕರಾವಳಿಯಲ್ಲಿ, ಕರಾಚಿಯ ತಗ್ಗು ಪ್ರದೇಶಗಳಲ್ಲಿ ಸಮುದ್ರದ ನೀರು ಒಳನುಗ್ಗಿತ್ತು. ಹಾಗಾಗಿ ಬಿಸಿಲು ಇದೆ, ಗಾಳಿ ಇಲ್ಲ ಎಂದು ಬೋಟ್ ಬಿಡುವುದು ಬೇಡ. ಅಲೆಯಿಂದ ಅಲೆಗೆ ಅಂತರ ಜಾಸ್ತಿಯಾಗಿ, ಅಲೆ ನಿಧಾನಕ್ಕೆ, ಭಾರವಾಗಿ ಬರುತ್ತಿದ್ದರೆ ದೂರದಲ್ಲಿ ಏನೋ ಇದೆ ಎಂದೇ ಲೆಕ್ಕ.

ಬಂದರಿನಲ್ಲಿ 1, 2, 3 ಅಂತ ಸಂಕೇತ ಏರಿಸ್ತಾರಲ್ಲ, 3ಕ್ಕಿಂತ 2 ಕಡಿಮೆ ಅಪಾಯ ತಾನೆ?

ಈ ತಪ್ಪು ತಿಳಿವಳಿಕೆ ಬಹಳ ಸಾಮಾನ್ಯ. 1 ಮತ್ತು 2 ದೂರದ ಸಮುದ್ರದ ಬಗ್ಗೆ. 1 ಎಂದರೆ ದೂರದಲ್ಲಿ ಚಂಡಮಾರುತವಾಗಬಹುದಾದ ಕುಸಿತ ಇದೆ. 2 ಎಂದರೆ ಅಲ್ಲಿ ಚಂಡಮಾರುತ ಹುಟ್ಟಿಯೇ ಬಿಟ್ಟಿದೆ, ಹೊರಡುವ ಹಡಗು ಅದಕ್ಕೆ ಸಿಕ್ಕಿಬೀಳಬಹುದು. 3 ಮತ್ತು 4 ಬಂದರಿಗೇ ಸಂಬಂಧಿಸಿದ ಎಚ್ಚರಿಕೆ. 5ರಿಂದ 10 ಅಪಾಯ, ಮಹಾ ಅಪಾಯ. 11 ಎಂದರೆ ಹವಾಮಾನ ಕೇಂದ್ರದ ಜೊತೆ ಸಂಪರ್ಕವೇ ಕಡಿದಿದೆ. ಆಳ ಸಮುದ್ರಕ್ಕೆ ಹೋಗುವ ಬೋಟಿಗೆ 3ಕ್ಕಿಂತ 2 ಹೆಚ್ಚು ಭಯದ್ದು.

ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಇದ್ದಾಗ ಸುದ್ದಿ ಹೇಗೆ ಸಿಗುತ್ತೆ?

ಈ ಪ್ರಶ್ನೆಗೆ ಬೆಲೆ ತೆತ್ತಿದ್ದು 2017ರಲ್ಲಿ. ನವೆಂಬರ್ 29ರಂದು ಕುಸಿತವಾಗಿದ್ದ ‘ಓಖಿ’ ಮರುದಿನವೇ ಕನ್ಯಾಕುಮಾರಿಯ ಬಳಿ ಚಂಡಮಾರುತವಾಯಿತು. ಕೇರಳ, ತಮಿಳುನಾಡಿನ ಮೀನುಗಾರರು ಅಷ್ಟರಲ್ಲೇ ಆಳ ಸಮುದ್ರದಲ್ಲಿದ್ದರು. ನೂರಾರು ಮಂದಿ ವಾಪಸ್ ಬರಲಿಲ್ಲ. ದಡದಲ್ಲಿ ಹೊರಡಿಸಿದ ಎಚ್ಚರಿಕೆ 12 ಕಿ.ಮೀ. ಆಚೆ ಮೊಬೈಲ್‌ಗೆ ತಲುಪುವುದಿಲ್ಲ ಎನ್ನುವುದು ಆಮೇಲೆ ಎಲ್ಲರಿಗೂ ಅರ್ಥವಾಯಿತು. ಉಪಗ್ರಹದ ಮೂಲಕ ಸಂದೇಶ ಪಡೆದು ಫೋನಿಗೆ ಕೊಡುವ ‘ಜೆಮಿನಿ’ ಸಾಧನ 2019ರಲ್ಲಿ ಬಂತು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆ, ಗಾಳಿಯ ಮಾಹಿತಿ ಕೊಡುತ್ತದೆ. ವಿಎಚ್‌ಎಫ್ ರೇಡಿಯೋ ಇದ್ದರೆ ಆನ್ ಇಟ್ಟುಕೊಂಡಿರಿ, ಸುಮ್ನೆ ಬ್ಯಾಟರಿ ಉಳಿಸಲು ಆಫ್ ಮಾಡಬೇಡಿ.

ಬೋಟಿನಲ್ಲೇ ನಿಂತು ಅದರ ನಡುಭಾಗ ಯಾವ ಕಡೆ ಇದೆ ಅಂತ ಹೇಳಬಹುದಾ?

ಅಂದಾಜು ಹೇಳಬಹುದು. ನಮ್ಮ ಸಮುದ್ರಗಳಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ನಡುಭಾಗ ನಿಮ್ಮ ಎಡಕ್ಕೆ, ತುಸು ಮುಂದಕ್ಕೆ ಇರುತ್ತದೆ. ಚಂಡಮಾರುತ ಹೋಗುತ್ತಿರುವ ದಿಕ್ಕಿನ ಬಲಭಾಗ ಹೆಚ್ಚು ಅಪಾಯದ್ದು. ಅಲ್ಲಿ ಸುತ್ತುವ ವೇಗಕ್ಕೆ ಸಾಗುವ ವೇಗವೂ ಸೇರಿಕೊಳ್ಳುತ್ತದೆ.

## ಇನ್ನೂ ಆಳಕ್ಕೆ

ಯಾರೂ ಇಲ್ಲದ ಸಮುದ್ರದಲ್ಲಿ 240 ಕಿ.ಮೀ. ಅಂತ ಅಳೆದವರು ಯಾರು?

ಬಹುಮಟ್ಟಿಗೆ ಅಳೆದದ್ದಲ್ಲ, ಚಿತ್ರ ನೋಡಿ ಅಂದಾಜಿಸಿದ್ದು. ಅಮೆರಿಕದಲ್ಲಿ ವಿಮಾನವನ್ನೇ ಹರಿಕೇನ್ ಒಳಗೆ ಹಾರಿಸುತ್ತಾರೆ. ನಮ್ಮಲ್ಲಿ ಆ ರೂಢಿ ಇಲ್ಲ. 1970ರ ದಶಕದಲ್ಲಿ ಅಮೆರಿಕದ ಹವಾಮಾನ ತಜ್ಞ ವರ್ನನ್ ಡ್ವೊರಾಕ್ ರೂಪಿಸಿದ ವಿಧಾನವನ್ನು ಇಂದಿಗೂ ಬಳಸುತ್ತಾರೆ. ಮೋಡದ ಸುರುಳಿ ಎಷ್ಟು ಸುತ್ತಿದೆ, ಕಣ್ಣು ಎಷ್ಟು ಬೆಚ್ಚಗೆ, ಸುತ್ತಲಿನ ಮೋಡದ ತಲೆ ಎಷ್ಟು ತಣ್ಣಗೆ ಎಂದು ಇನ್‌ಸ್ಯಾಟ್ ಉಪಗ್ರಹದ ಚಿತ್ರಗಳಲ್ಲಿ ನೋಡಿ 1ರಿಂದ 8ರೊಳಗೆ ಒಂದು ಅಂಕ ಕೊಡುತ್ತಾರೆ. 2.5 ಬಂದರೆ ಚಂಡಮಾರುತ, 6.5 ಬಂದರೆ ಸೂಪರ್ ಸೈಕ್ಲೋನ್. ತೇಲುಬುರುಡೆಗಳು, ಹಾದುಹೋಗುವ ಹಡಗುಗಳ ವರದಿ, ಓಷನ್‌ಸ್ಯಾಟ್‌ನಂಥ ಉಪಗ್ರಹಗಳ ಗಾಳಿಯ ಅಳತೆ ಜೊತೆಗಿರುತ್ತವೆ. ಬೇರೆ ಬೇರೆ ದೇಶದ ಕೇಂದ್ರಗಳು ಬೇರೆ ಬೇರೆ ವೇಗ ಹೇಳುವುದು ಇದಕ್ಕೇ. ಕೆಲವರು ಒಂದು ನಿಮಿಷದ ಸರಾಸರಿ ತೆಗೆಯುತ್ತಾರೆ, ಅಂಕಿ ಸಹಜವಾಗಿ ಜಾಸ್ತಿ ಬರುತ್ತದೆ.

ಬಂಗಾಳ ಕೊಲ್ಲಿಗೆ ಹೋಲಿಸಿದ್ರೆ ಅರಬ್ಬಿ ಸಮುದ್ರ ಶಾಂತ ಅಂತಿದ್ರು. ಈಗ ಯಾಕೆ ಹೀಗೆ?

ಹಳೆಯ ಲೆಕ್ಕದಲ್ಲಿ ಕೊಲ್ಲಿಯಲ್ಲಿ ನಾಲ್ಕು ಬಂದರೆ ಇಲ್ಲಿ ಒಂದು. ಗಂಗಾ, ಬ್ರಹ್ಮಪುತ್ರ, ಗೋದಾವರಿಯಂಥ ನದಿಗಳ ಸಿಹಿನೀರು ಕೊಲ್ಲಿಯ ಮೇಲ್ಪದರದಲ್ಲಿ ಹಗುರವಾಗಿ ಹರಡಿಕೊಂಡಿರುತ್ತದೆ. ಎಷ್ಟು ಕಲಕಿದರೂ ಕೆಳಗಿನ ತಣ್ಣೀರು ಸುಲಭವಾಗಿ ಮೇಲೆ ಬರುವುದಿಲ್ಲ. ಪೂರ್ವದ ಕಡೆಯಿಂದ ತೇಲಿಬರುವ ಮೋಡದ ಗುಂಪುಗಳೂ ಅಲ್ಲಿ ಸಿಗುತ್ತವೆ. ಅರಬ್ಬಿ ಸಮುದ್ರಕ್ಕೆ ಇವೆರಡೂ ಕಡಿಮೆ, ಜೊತೆಗೆ ಮರಳುಗಾಡಿನ ಒಣಗಾಳಿ.

ಆದರೆ ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2001–2019ರ ಅವಧಿಯನ್ನು ಅದರ ಹಿಂದಿನ ಎರಡು ದಶಕಕ್ಕೆ ಹೋಲಿಸಿದಾಗ ಇಲ್ಲಿ ಚಂಡಮಾರುತಗಳು ಶೇ. 52ರಷ್ಟು ಹೆಚ್ಚಿದ್ದವು. ಕೊಲ್ಲಿಯಲ್ಲಿ ಶೇ. 8ರಷ್ಟು ಇಳಿದಿದ್ದವು. 2019 ಒಂದೇ ವರ್ಷ ವಾಯು, ಹಿಕಾ, ಕ್ಯಾರ್, ಮಹಾ, ಪವನ್ ಎಂದು ಐದು ಬಂದವು. ಎಣಿಕೆ ಒಟ್ಟಾರೆ ಚಿಕ್ಕದಿರುವುದರಿಂದ ಒಂದು ವರ್ಷ ನೋಡಿ ಏನನ್ನೂ ಹೇಳಬಾರದು. ಎರಡು ದಶಕದ ಒಲವನ್ನು ಮಾತ್ರ ಕಡೆಗಣಿಸುವ ಹಾಗಿಲ್ಲ.

ಸಮಭಾಜಕ ವೃತ್ತ ದಾಟಿ ಹೋಗಬಹುದಾ?

ದಾಟಿದ ದಾಖಲೆ ಇಲ್ಲ. ದಾಟಿದರೆ ತಾನು ಸುತ್ತುತ್ತಿರುವ ದಿಕ್ಕಿಗೆ ವಿರುದ್ಧವಾದ ಸೆಳೆತಕ್ಕೆ ಸಿಗುತ್ತದೆ. ಅತಿ ಹತ್ತಿರ ಹುಟ್ಟಿದ್ದಕ್ಕೆ ಪ್ರಸಿದ್ಧ ಉದಾಹರಣೆ 2001ರ ಡಿಸೆಂಬರಿನಲ್ಲಿ ಸಿಂಗಪುರದ ಬಳಿ ಬಂದ ‘ವಾಮೇ’, ಸುಮಾರು 1.5 ಡಿಗ್ರಿ ಉತ್ತರದಲ್ಲಿ. ಆದರೆ ಅವಳಿಗಳು ಹುಟ್ಟುವುದುಂಟು. 2022ರ ಮೇ ತಿಂಗಳಲ್ಲಿ ಸಮಭಾಜಕದ ಉತ್ತರಕ್ಕೆ ‘ಅಸಾನಿ’, ದಕ್ಷಿಣಕ್ಕೆ ‘ಕರೀಮ್’ ಒಂದೇ ಹೊತ್ತಿಗೆ, ವಿರುದ್ಧ ದಿಕ್ಕುಗಳಲ್ಲಿ ಸುತ್ತುತ್ತಿದ್ದವು.

ಬಾಂಬ್ ಹಾಕಿ ಸಮುದ್ರದಲ್ಲೇ ಮುಗಿಸಿಬಿಡಬಹುದಲ್ವಾ?

ಆಗದು. ಬಲವಾದ ಚಂಡಮಾರುತ ಬಿಡುಗಡೆ ಮಾಡುವ ಶಾಖ, ಅಮೆರಿಕದ ಸಾಗರ–ಹವಾಮಾನ ಸಂಸ್ಥೆ ನೋವಾದ ಲೆಕ್ಕದಲ್ಲಿ, ಪ್ರತಿ 20 ನಿಮಿಷಕ್ಕೊಂದು 10 ಮೆಗಾಟನ್ ಅಣುಬಾಂಬ್ ಸಿಡಿದಷ್ಟು. ಅದರ ಮುಂದೆ ನಮ್ಮ ಬಾಂಬ್ ಲೆಕ್ಕಕ್ಕಿಲ್ಲ. ಮೇಲಾಗಿ ವಿಕಿರಣದ ಧೂಳನ್ನು ಅದೇ ಗಾಳಿ ಹೊತ್ತು ತಂದು ನಮ್ಮ ಮೇಲೇ ಸುರಿಯುತ್ತದೆ. ಸಿಲ್ವರ್ ಅಯೊಡೈಡ್ ಚೆಲ್ಲಿ ಕಣ್ಣಿನ ಗೋಡೆಯನ್ನು ದುರ್ಬಲಗೊಳಿಸುವ ಪ್ರಯತ್ನವನ್ನು ಅಮೆರಿಕ 1962ರಿಂದ ‘ಸ್ಟಾರ್ಮ್‌ಫ್ಯೂರಿ’ ಹೆಸರಿನಲ್ಲಿ ಮಾಡಿತು. ಬಿತ್ತನೆಯಾದ ಹರಿಕೇನ್‌ಗಳಲ್ಲಿ ಗಾಳಿ ಇಳಿದಂತೆ ಕಂಡಿದ್ದೂ ಉಂಟು. ಆಮೇಲೆ ನೋಡಿದರೆ, ಏನೂ ಚೆಲ್ಲದ ಹರಿಕೇನ್‌ಗಳಲ್ಲೂ ಹೊರಗೊಂದು ಹೊಸ ಗೋಡೆ ಎದ್ದು ಒಳಗಿನದು ಕುಸಿದು ಬಲ ಕೆಲಕಾಲ ಇಳಿಯುತ್ತದೆ ಎಂದು ಗೊತ್ತಾಯಿತು. ಯಾವುದು ಬಿತ್ತನೆಯ ಫಲ, ಯಾವುದು ತಾನಾಗಿ ಆದದ್ದು ಎಂದು ಬೇರ್ಪಡಿಸಲಾಗದೆ 1983ರಲ್ಲಿ ಯೋಜನೆಯನ್ನೇ ಮುಚ್ಚಿದರು.